ಡಿಪ್ಲೊಮಾ ಲೆಕ್ಕ ಬೇರೆ, ಕಾಲೇಜಿನ ಲೆಕ್ಕ ಬೇರೆ: ಅಮೆರಿಕದ ಹೈಸ್ಕೂಲ್ ಬಗ್ಗೆ ಪೋಷಕರ ಪ್ರಶ್ನೆಗಳು

ಫೆಬ್ರವರಿ ಹತ್ತಿರ ಬಂತೆಂದರೆ ಅಮೆರಿಕದ ಹೈಸ್ಕೂಲ್‌ಗಳಲ್ಲಿ ಮುಂದಿನ ವರ್ಷದ ವಿಷಯ ಆರಿಸುವ ಗಡಿಬಿಡಿ. ಅಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರು ಈ ಸಲ ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗಳು ಆಗಸ್ಟ್‌ನಲ್ಲಿ ಒಂಬತ್ತನೇ ಗ್ರೇಡ್ ಸೇರುತ್ತಾಳೆ. ಶಾಲೆಯವರು ದಪ್ಪನೆಯ ಕೋರ್ಸ್ ಕ್ಯಾಟಲಾಗ್ ಕೊಟ್ಟು, ಒಂದು ಹಾಳೆಗೆ ಸಹಿ ಹಾಕಿ ಕಳಿಸಿ ಎಂದಿದ್ದಾರೆ. ನಾವಿಬ್ಬರೂ ಓದಿದ್ದು ಎಸ್ಸೆಸ್ಸೆಲ್ಸಿ, ಪಿಯುಸಿ. ಈ ಕ್ರೆಡಿಟ್ ಅಂದರೇನು ಎನ್ನುವುದೇ ತಲೆಗೆ ಹತ್ತುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಡಿಪ್ಲೊಮಾ ಅಂದ ಕೂಡಲೇ ನಮಗೆ ಪಾಲಿಟೆಕ್ನಿಕ್ ನೆನಪಾಗುತ್ತದೆ. ಅಮೆರಿಕದಲ್ಲಿ ಅದು ಹನ್ನೆರಡನೇ ಗ್ರೇಡ್ ಮುಗಿಸಿದವರಿಗೆ ಸಿಗುವ ಪ್ರಮಾಣಪತ್ರ. ಹೈಸ್ಕೂಲ್ ಅಂದರೂ ಎಂಟರಿಂದ ಹತ್ತಲ್ಲ, ಒಂಬತ್ತರಿಂದ ಹನ್ನೆರಡು. ನಮ್ಮ ಪಿಯುಸಿ ಅದರ ಹೊಟ್ಟೆಯೊಳಗೇ ಇದೆ.

ಕ್ರೆಡಿಟ್ ಎಂದರೆ ಒಂದು ವಿಷಯವನ್ನು ಇಷ್ಟು ಕಾಲ ಕಲಿತು ಪಾಸಾದೆ ಎಂಬ ಲೆಕ್ಕ. ಇದರ ಬೇರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದ ಕಾರ್ನೆಗಿ ಯೂನಿಟ್‌ನಲ್ಲಿದೆ: ವರ್ಷದಲ್ಲಿ 120 ಗಂಟೆ ಪಾಠ ಕೇಳಿದರೆ ಒಂದು ಯೂನಿಟ್. ಈಗ ಎಣಿಸುವ ರೀತಿ ಊರಿಗೊಂದು. ಟೆಕ್ಸಸ್‌ನಲ್ಲಿ ವರ್ಷವಿಡೀ ಓದುವ ವಿಷಯಕ್ಕೆ 1 ಕ್ರೆಡಿಟ್, ಡಿಪ್ಲೊಮಾಕ್ಕೆ ಕನಿಷ್ಠ 22. ನ್ಯೂಯಾರ್ಕ್ ನಗರದಲ್ಲಿ ಸೆಮಿಸ್ಟರ್‌ಗೆ ಒಂದರಂತೆ ಎಣಿಸಿ 44. ನ್ಯೂಜೆರ್ಸಿಯಲ್ಲಿ 120. ನೂರಿಪ್ಪತ್ತು ಕೇಳಿ ಗಾಬರಿಯಾಗಬೇಡಿ, ಅಲ್ಲಿ ವರ್ಷದ ಒಂದು ವಿಷಯಕ್ಕೇ 5 ಕ್ರೆಡಿಟ್. ಆದ್ದರಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಿಮ್ಮ ನಾದಿನಿಯ ಮಗನಿಗೂ ನಿಮ್ಮ ಮಗಳಿಗೂ ಕ್ರೆಡಿಟ್ ಹೋಲಿಸುತ್ತಾ ಕೂರುವುದು ವ್ಯರ್ಥ. ಇಡೀ ದೇಶಕ್ಕೆ ಅನ್ವಯಿಸುವ ಒಂದೇ ನಿಯಮ ಇಲ್ಲ. ರಾಜ್ಯ ಕನಿಷ್ಠ ಮಟ್ಟ ಹೇಳುತ್ತದೆ, ಸ್ಕೂಲ್ ಡಿಸ್ಟ್ರಿಕ್ಟ್ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಅದರ ಮೇಲೆ ತನ್ನದನ್ನು ಸೇರಿಸುತ್ತದೆ.

ಒಟ್ಟು ಸಂಖ್ಯೆ ತುಂಬಿದರೆ ಸಾಲದು, ಯಾವ ವಿಷಯದಲ್ಲಿ ಎಷ್ಟು ಎಂಬುದೂ ಸರಿಹೊಂದಬೇಕು. ಇಂಗ್ಲಿಷ್ ಹೆಚ್ಚಿನ ಕಡೆ ನಾಲ್ಕೂ ವರ್ಷ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎರಡರಿಂದ ನಾಲ್ಕು ವರ್ಷ. ಜೊತೆಗೆ ವ್ಯಾಯಾಮ, ಕಲೆ, ಇನ್ನೊಂದು ಭಾಷೆ, ಉಳಿದದ್ದು ಎಲೆಕ್ಟಿವ್, ಅಂದರೆ ಇಷ್ಟದಂತೆ ಆರಿಸುವ ವಿಷಯ. ವಿಜ್ಞಾನ-ಗಣಿತ ಜಾಸ್ತಿಯೇ ಓದಿ, ಹನ್ನೆರಡನೇ ಗ್ರೇಡಿನ ಕೊನೆಯಲ್ಲಿ ವ್ಯಾಯಾಮದ ಅರ್ಧ ಕ್ರೆಡಿಟ್ ಬಾಕಿ ಎಂದು ಗೊತ್ತಾಗಿ ಪರದಾಡುವವರು ಇದ್ದಾರೆ. ಆಟದ ಪಿರಿಯಡ್ ತಾನೇ ಎಂಬ ನಮ್ಮ ಹಳೆಯ ತಾತ್ಸಾರ ಇಲ್ಲಿ ನಡೆಯುವುದಿಲ್ಲ.

ಇನ್ನು ನೀವು ನಿಜವಾಗಿ ಹೊತ್ತು ಕೊಟ್ಟು ನೋಡಬೇಕಾದದ್ದು ಗಣಿತ. ಅದು ಮೆಟ್ಟಿಲು. ಆಲ್ಜಿಬ್ರಾ 1, ಜಿಯೋಮೆಟ್ರಿ, ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಒಂದು ಮೆಟ್ಟಿಲು ಮುಗಿಸದೆ ಮುಂದಿನದಕ್ಕೆ ಬಿಡುವುದಿಲ್ಲ. ಎಣಿಸಿ ನೋಡಿ: ಒಂಬತ್ತರಲ್ಲಿ ಆಲ್ಜಿಬ್ರಾ 1 ಹಿಡಿದರೆ ಹನ್ನೆರಡಕ್ಕೆ ಪ್ರೀಕ್ಯಾಲ್ಕುಲಸ್‌ಗೆ ನಿಲ್ಲುತ್ತದೆ. ಎಂಜಿನಿಯರಿಂಗ್ ಕನಸಿದ್ದು ಕ್ಯಾಲ್ಕುಲಸ್ ಮುಟ್ಟಬೇಕೆಂದಿದ್ದರೆ ಆಲ್ಜಿಬ್ರಾ 1 ಎಂಟರಲ್ಲೇ ಮುಗಿದಿರಬೇಕು, ಇಲ್ಲವೇ ನಡುವೆ ಒಂದು ವರ್ಷ ಎರಡು ಗಣಿತ ಒಟ್ಟಿಗೆ ಓದಬೇಕು, ಅಥವಾ ಬೇಸಿಗೆಯಲ್ಲಿ ಒಂದನ್ನು ಮುಗಿಸಬೇಕು. (ಕೆಲವು ಶಾಲೆಗಳಲ್ಲಿ ಇವನ್ನು ಬೆರೆಸಿ ಇಂಟಿಗ್ರೇಟೆಡ್ ಮ್ಯಾಥ್ 1, 2, 3 ಎಂದು ಕಲಿಸುತ್ತಾರೆ; ಮೆಟ್ಟಿಲಿನ ಲೆಕ್ಕ ಅದೇ.) ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸೋ ಕಾಮರ್ಸೋ ಎಂದು ಒಂದೇ ದಿನ ತೀರ್ಮಾನಿಸುತ್ತಿದ್ದವರು ನಾವು. ಇಲ್ಲಿ ಅಂಥ ದಿನವೇ ಬರುವುದಿಲ್ಲ. ಒಂಬತ್ತರ ಗಣಿತದ ಸಾಲಿನಲ್ಲಿ ಟಿಕ್ ಹಾಕುವಾಗಲೇ ಆ ತೀರ್ಮಾನದ ಅರ್ಧ ಆಗಿಹೋಗಿರುತ್ತದೆ, ಯಾರೂ ಹೇಳುವುದಿಲ್ಲ ಅಷ್ಟೆ.

ಸಹಿ ಹಾಕುವ ಮೊದಲು ಮಗಳೊಂದಿಗೆ ಕೂತು ಖಾಲಿ ಹಾಳೆಯಲ್ಲಿ ನಾಲ್ಕು ವರ್ಷದ ನಾಲ್ಕು ಅಂಕಣ ಎಳೆಯಿರಿ. ಗಣಿತ ಮತ್ತು ಭಾಷೆಯನ್ನು ಹನ್ನೆರಡರಿಂದ ಹಿಂದಕ್ಕೆ ತುಂಬುತ್ತಾ ಬನ್ನಿ. ಆ ಹಾಳೆ ಹಿಡಿದು ಕೌನ್ಸೆಲರ್ (ವಿಷಯ ಆರಿಸಲು ನೆರವಾಗುವ ಶಾಲೆಯ ಸಲಹೆಗಾರರು) ಹತ್ತಿರ ಹೋಗಿ. ಶಾಲಾ ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ ಹೇಳುವುದು 250 ಮಕ್ಕಳಿಗೆ ಒಬ್ಬರಿರಬೇಕು ಅಂತ. ಬಹಳಷ್ಟು ಶಾಲೆಗಳಲ್ಲಿ ಒಬ್ಬರ ಪಾಲಿಗೆ ಅದಕ್ಕಿಂತ ಹೆಚ್ಚು ಮಕ್ಕಳು. ನಿಮಗೆ ಸಿಗುವುದು ಹದಿನೈದು ನಿಮಿಷ, ಬರಿಗೈಯಲ್ಲಿ ಹೋಗಬೇಡಿ.

ಅಂದಹಾಗೆ, ಅಕ್ಕನ ಪಟ್ಟಿ ತಂಗಿಗೆ ಹೊಂದುತ್ತದೆ ಎಂದುಕೊಳ್ಳಬೇಡಿ. ನಿಯಮ ಬದಲಾಗುವುದು ತಂಡದ ಪ್ರಕಾರ. ಕ್ಯಾಲಿಫೋರ್ನಿಯಾದಲ್ಲಿ 2030–31ರಲ್ಲಿ ಹೈಸ್ಕೂಲ್ ಮುಗಿಸುವ ತಂಡದಿಂದ ಹಣಕಾಸು ನಿರ್ವಹಣೆಯ ಒಂದು ಸೆಮಿಸ್ಟರ್ ಕೋರ್ಸ್ ಕಡ್ಡಾಯ. ಅವರಿಗಿಂತ ಮೊದಲೇ ಮುಗಿಸುವವರಿಗೆ ಅಲ್ಲ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗನಿಗೆ ಹತ್ತನೇ ಗ್ರೇಡಿನ ವರ್ಲ್ಡ್ ಹಿಸ್ಟರಿಯಲ್ಲಿ ಡಿ ಬಂತು. ಶಾಲೆಯ ಪೋರ್ಟಲ್‌ನಲ್ಲಿ ಕ್ರೆಡಿಟ್ ಸಿಕ್ಕಿದೆ ಎಂದೇ ತೋರಿಸುತ್ತಿದೆ. ಪಾಸಾದ ಮೇಲೆ ಚಿಂತೆ ಇಲ್ಲ ತಾನೇ?

ಉತ್ತರ: ಡಿಪ್ಲೊಮಾಕ್ಕೆ ಚಿಂತೆ ಇಲ್ಲ. ಕಾಲೇಜಿಗೆ ಇದೆ.

ಕ್ಯಾಲಿಫೋರ್ನಿಯಾ ರಾಜ್ಯ ಡಿಪ್ಲೊಮಾಕ್ಕೆ ಕೇಳುವ ಕನಿಷ್ಠದಲ್ಲಿ ಇಂಗ್ಲಿಷ್ ಮೂರು ವರ್ಷ, ಗಣಿತ ಎರಡು, ವಿಜ್ಞಾನ ಎರಡು. ನೇರವಾಗಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಅಥವಾ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಕ್ಯಾಲ್ ಸ್ಟೇಟ್) ಸೇರಬೇಕಾದರೆ ಇನ್ನೊಂದು ಪಟ್ಟಿ, ಅದಕ್ಕೆ ಎ-ಜಿ ಎನ್ನುತ್ತಾರೆ. ಒಟ್ಟು 15 ವರ್ಷ-ಕೋರ್ಸುಗಳು: ಚರಿತ್ರೆ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಎಲೆಕ್ಟಿವ್ 1. ಪ್ರತಿಯೊಂದರಲ್ಲೂ ಸಿ ಅಥವಾ ಅದಕ್ಕಿಂತ ಮೇಲೆ ಬರಬೇಕು. ಯುಸಿಗೆ ಇವುಗಳಲ್ಲಿ 11 ಹನ್ನೆರಡನೇ ಗ್ರೇಡ್ ಶುರುವಾಗುವ ಮೊದಲೇ ಮುಗಿದಿರಬೇಕು. ಡಿಸ್ಟ್ರಿಕ್ಟ್ ಲೆಕ್ಕದಲ್ಲಿ ಡಿ ಪಾಸು, ಎ-ಜಿ ಲೆಕ್ಕದಲ್ಲಿ ಅದು ಇಲ್ಲದಷ್ಟೇ ಸಮ. ಪೋರ್ಟಲ್ ತೋರಿಸುವುದು ಮೊದಲನೆಯ ಲೆಕ್ಕವನ್ನು ಮಾತ್ರ.

ಗಣಿತದಲ್ಲೋ ಸ್ಪ್ಯಾನಿಷ್‌ನಲ್ಲೋ ಡಿ ಬಂದಿದ್ದರೆ, ಮುಂದಿನ ಹಂತದಲ್ಲಿ ಸಿ ತೆಗೆದು ಹಿಂದಿನದನ್ನು ಸರಿಪಡಿಸಿಕೊಳ್ಳುವ ದಾರಿ ಇದೆ. ಚರಿತ್ರೆಗೆ ಆ ಸೌಲಭ್ಯವಿಲ್ಲ. ಈ ಬೇಸಿಗೆಯಲ್ಲೇ ಮತ್ತೆ ಓದಿಸಿ. ಆನ್‌ಲೈನ್‌ನಲ್ಲಿ ಓದುವುದಾದರೆ, ದುಡ್ಡು ಕಟ್ಟುವ ಮೊದಲು ಆ ಕೋರ್ಸ್ ಎ-ಜಿ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ.

ಪ್ರಶ್ನೆ: ಪಕ್ಕದ ಮನೆಯ ಹುಡುಗ ಹನ್ನೊಂದು ಎಪಿ ಮಾಡುತ್ತಿದ್ದಾನಂತೆ. ನಮ್ಮ ಮಗಳು ಮೂರು ಸಾಕು ಅನ್ನುತ್ತಾಳೆ, ಅವಳಿಗೆ ವಯಲಿನ್ ಬಿಡಲು ಮನಸ್ಸಿಲ್ಲ. ಇವಳು ಹಿಂದೆ ಬೀಳುವುದಿಲ್ಲವೇ?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪಕ್ಕದ ಮನೆ ಮಾತ್ರ ಬೇರೆ.

ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಇದರಲ್ಲಿ ಎರಡು ಬೇರೆ ಫಲಿತಾಂಶಗಳಿವೆ. ವರ್ಷವಿಡೀ ತರಗತಿಯಲ್ಲಿ ಬರುವ ಗ್ರೇಡ್ ಒಂದು, ಮೇ ತಿಂಗಳ ಪರೀಕ್ಷೆಯಲ್ಲಿ 1ರಿಂದ 5ರೊಳಗೆ ಬರುವ ಸ್ಕೋರ್ ಇನ್ನೊಂದು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಹೈಸ್ಕೂಲಿನ ಅಂಕಪಟ್ಟಿಯಲ್ಲಿ, ಕೂರುವುದು ಗ್ರೇಡ್. ವರ್ಷವೆಲ್ಲ ಸುಮ್ಮನಿದ್ದು ಕೊನೆಯ ಪರೀಕ್ಷೆಯಲ್ಲಿ ಎದ್ದು ನಿಂತು ಗೆದ್ದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಲ್ಲಿ ಆ ಆಟ ನಡೆಯದು. ಸೆಪ್ಟೆಂಬರ್‌ನ ಹೋಂವರ್ಕ್ ಕೂಡ ಜೂನ್‌ನ ಗ್ರೇಡಿಗೆ ಹೋಗಿ ಸೇರುತ್ತದೆ.

ಸಾಮಾನ್ಯ ತರಗತಿಯ ಎ ಗ್ರೇಡಿಗೆ 4, ಎಪಿಯ ಎ ಗ್ರೇಡಿಗೆ 5 ಎಂದು ಬಹಳಷ್ಟು ಶಾಲೆಗಳು ಲೆಕ್ಕ ಹಾಕುತ್ತವೆ. ಹೀಗೆ ಬರುವ ಸರಾಸರಿಯೇ ವೆಯ್ಟೆಡ್ ಜಿಪಿಎ. ಎಪಿಗಳನ್ನು ಪೇರಿಸಲು ಹೊರಡುವುದು ಇದನ್ನು ನೋಡಿಯೇ. ಆದರೆ ಹೆಚ್ಚಿನ ಕಾಲೇಜುಗಳು ತಮ್ಮದೇ ರೀತಿಯಲ್ಲಿ ಮತ್ತೆ ತೂಗಿ ನೋಡುತ್ತವೆ. ಯುಸಿಯನ್ನೇ ತೆಗೆದುಕೊಳ್ಳಿ. ಅವರ ಮುಖ್ಯ ಜಿಪಿಎ ಲೆಕ್ಕಕ್ಕೆ ಬರುವುದು ಹತ್ತು ಮತ್ತು ಹನ್ನೊಂದನೇ ಗ್ರೇಡಿನ ಎ-ಜಿ ವಿಷಯಗಳು ಮಾತ್ರ. ಹೆಚ್ಚುವರಿ ಅಂಕ ಗರಿಷ್ಠ 8 ಸೆಮಿಸ್ಟರ್‌ಗಳಿಗೆ, ಅಂದರೆ ನಾಲ್ಕು ವರ್ಷ-ಕೋರ್ಸಿಗೆ. ಅದರಲ್ಲೂ ಹತ್ತನೇ ಗ್ರೇಡಿನಿಂದ 4 ಸೆಮಿಸ್ಟರ್ ಮೀರುವಂತಿಲ್ಲ. ಐದನೆಯದರಿಂದ ಆಚೆಗೆ ಈ ಜಿಪಿಎಗೆ ಬೋನಸ್ ಇಲ್ಲ. ಪ್ರವೇಶ ಸಮಿತಿ ಅವನ್ನು ನೋಡುವುದೇ ಇಲ್ಲ ಎಂದಲ್ಲ, ಕಷ್ಟದ ಕೋರ್ಸ್ ಆರಿಸಿದವರಿಗೆ ಬೆಲೆ ಇದ್ದೇ ಇದೆ. ಆದರೆ ಅವರು ತೂಗುವುದು ನಿಮ್ಮ ಶಾಲೆಯಲ್ಲಿ ಏನೇನು ಸಿಗುತ್ತಿತ್ತು, ಅದರಲ್ಲಿ ಇವಳು ಏನು ಆರಿಸಿ ಹೇಗೆ ಮಾಡಿದಳು ಎಂಬುದನ್ನು. ಬಹಳಷ್ಟು ಶಾಲೆಗಳು ಅದಕ್ಕಾಗಿ ಕಾಲೇಜುಗಳಿಗೆ ಸ್ಕೂಲ್ ಪ್ರೊಫೈಲ್ ಎಂಬ ವಿವರ ಕಳಿಸುತ್ತವೆ. ಕೌನ್ಸೆಲರ್ ಹತ್ತಿರ ಅದರ ಪ್ರತಿ ಕೇಳಿ ಓದಿ. ಪಕ್ಕದ ಮನೆಯವರ ಮಾತಿಗಿಂತ ಉಪಯೋಗಕ್ಕೆ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಅವಳಿಗೆ ಆಸಕ್ತಿ ಇರುವ ವಿಷಯಗಳಲ್ಲಿ ಮೂರು ಎಪಿ, ಜೊತೆಗೆ ನಾಲ್ಕೂ ವರ್ಷ ವಯಲಿನ್ ಒಳ್ಳೆಯ ಜೋಡಿ. ಶಾಲೆಯ ಆರ್ಕೆಸ್ಟ್ರಾದಲ್ಲಿ ನುಡಿಸಿದರೆ ಕಲೆಯ ಕ್ರೆಡಿಟ್ ಕೂಡ ತಾನಾಗಿ ತುಂಬುತ್ತದೆ. ಒಂದು ಕೆಲಸ ಮಾಡಿ: ಆಯಾ ಟೀಚರ್‌ಗಳಿಂದ ವಾರಕ್ಕೆ ಎಷ್ಟು ಗಂಟೆಯ ಹೋಂವರ್ಕ್ ಎಂದು ಕೇಳಿ, ಶಾಲೆಯ ಹೊತ್ತು, ವಯಲಿನ್ ಅಭ್ಯಾಸ, ಊಟ, ನಿದ್ದೆ ಸೇರಿಸಿ ಕೂಡಿ. ವಾರಕ್ಕಿರುವುದು 168 ಗಂಟೆ. ಮೊತ್ತ ಅದನ್ನು ದಾಟಿದರೆ ವಾದ ಅಲ್ಲಿಗೇ ಮುಗಿಯಿತು.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ. ಈಗ ಡಲ್ಲಾಸ್ ಹತ್ತಿರದ ಶಾಲೆಗೆ ಹನ್ನೊಂದನೇ ಗ್ರೇಡ್ ಸೇರಬೇಕು. ಅವನು ಓದಿದ್ದೆಲ್ಲ ವ್ಯರ್ಥವಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಆದರೆ ಒಂಬತ್ತನೇ ತರಗತಿಯ ಅಂಕಪಟ್ಟಿಯೂ ಬೇಕು, ಇದನ್ನು ತರಲು ಮರೆಯುವವರೇ ಹೆಚ್ಚು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ ಒಂಬತ್ತರದನ್ನು ಕೇಳುವವರಿಲ್ಲ. ಇಲ್ಲಿ ಒಂಬತ್ತೂ ಹೈಸ್ಕೂಲೇ, ಅದಕ್ಕೂ ಕ್ರೆಡಿಟ್ ಇದೆ. ಹಳೆಯ ಶಾಲೆಯ ಮೊಹರು, ಸಹಿ ಇರುವ ಪ್ರತಿ ತರಿಸಿ, ಸಾಧ್ಯವಾದರೆ ಪಠ್ಯಕ್ರಮದ ವಿವರವನ್ನೂ ಜೊತೆಗಿಡಿ. ಯಾವುದಕ್ಕೆ ಎಷ್ಟು ಕ್ರೆಡಿಟ್ ಎಂದು ಡಿಸ್ಟ್ರಿಕ್ಟ್‌ನವರು ತೀರ್ಮಾನಿಸುತ್ತಾರೆ. ಗಣಿತ, ವಿಜ್ಞಾನದ ಜೊತೆ ಕನ್ನಡ, ಹಿಂದಿಯನ್ನು ಭಾಷೆಯ 2 ಕ್ರೆಡಿಟ್‌ಗೆ ಪರಿಗಣಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.

ಅವನು ಖಂಡಿತ ಇಲ್ಲೇ ಓದಬೇಕಾದವು ಅಮೆರಿಕದ ಚರಿತ್ರೆ ಮತ್ತು ಸರ್ಕಾರ. ಟೆಕ್ಸಸ್‌ನಲ್ಲಿ ಆಲ್ಜಿಬ್ರಾ 1, ಬಯಾಲಜಿ, ಇಂಗ್ಲಿಷ್ 1, ಇಂಗ್ಲಿಷ್ 2, ಯುಎಸ್ ಹಿಸ್ಟರಿ ಎಂಬ ಐದು ವಿಷಯಗಳಿಗೆ ಸ್ಟಾರ್ ಎಂಬ ರಾಜ್ಯ ಪರೀಕ್ಷೆ ಇದೆ. ಬೇರೆಡೆ ಓದಿ ಕ್ರೆಡಿಟ್ ಪಡೆದ ವಿಷಯದ ಪರೀಕ್ಷೆ ಬರೆಯಬೇಕಿಲ್ಲ. 22 ಕ್ರೆಡಿಟ್ ಕನಿಷ್ಠ ಮಟ್ಟವಾದರೂ, ಎಂಡಾರ್ಸ್‌ಮೆಂಟ್ (ಆರಿಸಿದ ಒಂದು ಕ್ಷೇತ್ರದಲ್ಲಿ ಹೆಚ್ಚಿನ ಓದು) ಸೇರಿಸಿ 26ರ ದಾರಿ ಹಿಡಿಸಿ, ಆಲ್ಜಿಬ್ರಾ 2 ಬಿಡಿಸಬೇಡಿ. ಡಿಸ್ಟಿಂಗ್ವಿಶ್ಡ್ ಎಂಬ ಮೇಲಿನ ಮಟ್ಟಕ್ಕೆ ಅದು ಬೇಕು, ಆ ಮಟ್ಟ ಇದ್ದರೆ ಮಾತ್ರ ತರಗತಿಯ ಮೇಲಿನ ಶೇ 10ರಲ್ಲಿರುವವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಿಗುವ ನೇರ ಪ್ರವೇಶ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನಲ್ಲಿ ಆ ಗಡಿ 2026ರ ಪ್ರವೇಶದಿಂದ ಶೇ 5ಕ್ಕೆ ಇಳಿದಿದೆ. ನಡುವೆ ಬಂದ ವಿದ್ಯಾರ್ಥಿಗೆ ರ‍್ಯಾಂಕ್ ಹೇಗೆ ಕಟ್ಟುತ್ತಾರೆ ಎಂಬುದು ಡಿಸ್ಟ್ರಿಕ್ಟ್‌ನ ನಿಯಮ. ಸೇರಿಸುವ ದಿನವೇ ಕೇಳಿಬಿಡಿ.

ಪ್ರಶ್ನೆ: ನಮ್ಮ ಮಗಳು ಪ್ರತಿ ಭಾನುವಾರ ಕನ್ನಡ ಶಾಲೆಗೆ ಹೋಗುತ್ತಾಳೆ, ಓದಲು ಬರೆಯಲು ಚೆನ್ನಾಗಿ ಬರುತ್ತದೆ. ಸ್ಪ್ಯಾನಿಷ್ ಬದಲು ಕನ್ನಡವನ್ನೇ ಭಾಷೆಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಉತ್ತರ: ಕೆಲವು ಕಡೆ ಹಿಡಿಯುತ್ತಾರೆ. ಕನ್ನಡಕ್ಕೆ ಎಪಿ ಪರೀಕ್ಷೆ ಇಲ್ಲ, ಹಾಗಾಗಿ ಆ ಸುಲಭದ ದಾರಿ ಮುಚ್ಚಿದೆ. ಉಳಿದಿರುವುದು ಡಿಸ್ಟ್ರಿಕ್ಟ್ ಮಾನ್ಯ ಮಾಡಿದ ಹೊರಗಿನ ಭಾಷಾ ಶಾಲೆ, ಅಥವಾ ಓದು, ಬರಹ, ಮಾತು, ಕೇಳಿ ತಿಳಿಯುವಿಕೆ ನಾಲ್ಕನ್ನೂ ಅಳೆಯುವ ಪರೀಕ್ಷೆ. ಇನ್ನೊಂದು ಇದೆ, ಸೀಲ್ ಆಫ್ ಬೈಲಿಟರಸಿ: ಎರಡು ಭಾಷೆ ಬಲ್ಲವರ ಡಿಪ್ಲೊಮಾ ಮೇಲೆ ಹಚ್ಚುವ ಮುದ್ರೆ. 2011ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ಕಾನೂನು ಮಾಡಿತು, ಈಗ ಬಹುತೇಕ ಎಲ್ಲ ರಾಜ್ಯಗಳಲ್ಲೂ ಇದೆ. ಅದು ಗೌರವ, ಕ್ರೆಡಿಟ್ ಅಲ್ಲ.

ಸ್ಪ್ಯಾನಿಷ್ ಬಿಡಿಸುವ ಮೊದಲು ಕೌನ್ಸೆಲರ್‌ಗೆ ಇಮೇಲ್ ಮಾಡಿ ಎರಡು ಪ್ರಶ್ನೆ ಕೇಳಿ: ಕನ್ನಡಕ್ಕೆ ಯಾವ ಪರೀಕ್ಷೆ ಅಥವಾ ಶಾಲೆಯನ್ನು ಒಪ್ಪುತ್ತೀರಿ, ಮತ್ತು ಅದು ಡಿಪ್ಲೊಮಾಕ್ಕೆ ಮಾತ್ರವೋ, ಕಾಲೇಜಿನ ಭಾಷಾ ಅಗತ್ಯಕ್ಕೂ ನಡೆಯುತ್ತದೆಯೋ. ಉತ್ತರ ಬರಹದಲ್ಲೇ ಇರಲಿ. ಕೌನ್ಸೆಲರ್ ಬದಲಾಗುತ್ತಾರೆ, ಇಮೇಲ್ ಉಳಿಯುತ್ತದೆ.