ಕಡತದಲ್ಲಿ ಅಳಿಸಿದ ಲೆಕ್ಕ

ಪತ್ರ: ಕಳೆದ ಸಂಚಿಕೆಯಲ್ಲಿ ಕೆಳದಿಯ ಅರಸರು ಬಿದನೂರಿನಿಂದ ಆಳುತ್ತಿದ್ದ ಕಾಲದ ಕಥೆಯುಳ್ಳ ಪತ್ತೇದಾರಿ ಕಾದಂಬರಿಯೊಂದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಕುವೆಂಪು ಹುಟ್ಟಿದ ಸೀಮೆಯ ಪತ್ರಿಕೆ ಕೊಲೆಯ ಕಥೆಗೆ ಡಂಗುರ ಹೊಡೆಯಬೇಕೆ? ಆಗಿಹೋದ ಅರಸರ ಬಾಯಲ್ಲಿ ಆಡದ ಮಾತು ಹಾಕುವುದು ಸರಿಯೆ? ಇತಿಹಾಸ ಬೇಕಾದವರು ಇತಿಹಾಸವನ್ನೇ ಓದಲಿ.
— ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ಮಾನ್ಯರೇ, ಅರಸರ ಮಾತಿನ ವಿಷಯದಲ್ಲಿ ಲೇಖಕರು ಎಚ್ಚರದಿಂದಿರಬೇಕೆಂಬ ತಮ್ಮ ಮಾತು ಒಪ್ಪತಕ್ಕದ್ದು. ಆದರೆ ಇತಿಹಾಸವೇ ಬೇರೆ, ಪತ್ತೇದಾರಿಕೆಯೇ ಬೇರೆ ಎಂಬುದನ್ನು ನಾನು ಒಪ್ಪಲಾರೆ. ಕಾಡು ನುಂಗಿದ ಕೋಟೆ, ಅರ್ಧ ಸವೆದ ಶಾಸನ, ಯಾರದೋ ಮನೆಯ ಅಟ್ಟದ ಓಲೆಗರಿ, ಇಷ್ಟರಿಂದಲೇ ನಡೆದದ್ದೇನೆಂದು ಪತ್ತೆ ಹಚ್ಚಿದವರಲ್ಲವೆ ನಮ್ಮ ಸೀಮೆಯ ಇತಿಹಾಸ ಬರೆದವರು?

ಈ ಕಾದಂಬರಿಯ ಜೀವವಿರುವುದು ಒಂದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕಪ್ಪು ಪುಸ್ತಕದಲ್ಲಿ ಒಂದು ಸಾಲನ್ನು ಒರೆಸಿ ಇನ್ನೊಂದನ್ನು ಬರೆಯಬಹುದಾಗಿತ್ತು. ಕೆಳದಿಯ ಅರಸ ಶಿವಪ್ಪನಾಯಕನ ಆಳ್ವಿಕೆಯಲ್ಲಿ (1645-1660) ಹೊಸಂಗಡಿ ಘಟ್ಟವಿಳಿದು ಬಸರೂರು ಬಂದರಿಗೆ ಹೋಗುವ ಮೆಣಸಿನ ಹೇರುಗಳ ಲೆಕ್ಕವನ್ನು ಯಾರೋ ಹೀಗೆ ತಿದ್ದಿದ್ದಾರೆ. ಬರೆದಿದ್ದ ಕರಣಿಕ ಶರಾವತಿಯ ದಂಡೆಯಲ್ಲಿ ಹೆಣವಾಗಿದ್ದಾನೆ. ತಿದ್ದಿದ ಕೈ ಯಾವುದೆಂದು ಹುಡುಕುತ್ತ ಹೋಗುವ ಓದುಗನಿಗೆ, ಶಿಸ್ತು ಎಂಬ ಕಂದಾಯ ಪದ್ಧತಿಯಲ್ಲಿ ಮಣ್ಣಿನ ಗುಣವನ್ನೂ ಬಂದ ಬೆಳೆಯನ್ನೂ ಹೇಗೆ ತೂಗಿ ನೋಡುತ್ತಿದ್ದರೆಂಬುದು, 1654ರ ಹೊತ್ತಿಗೆ ಪೋರ್ಚುಗೀಸರು ಕರಾವಳಿಯ ಕೋಟೆಗಳನ್ನು ಏಕೆ ಕಳೆದುಕೊಂಡರೆಂಬುದು ಕಥೆಯ ಜೊತೆಯಲ್ಲೇ ತಿಳಿಯುತ್ತದೆ. ಪಠ್ಯಪುಸ್ತಕದಲ್ಲಿ ಶಿಸ್ತು ಎರಡು ಅಂಕದ ಪ್ರಶ್ನೆ. ಇಲ್ಲಿ ಒಬ್ಬನ ಜೀವ ಹೋಗುವಷ್ಟು ದೊಡ್ಡ ಸಂಗತಿ.

ನಮ್ಮ ಅಜ್ಜನ ಮನೆಯ ಅಟ್ಟದಲ್ಲೂ ಒಂದು ಕಡತವಿತ್ತು. ಶಾಲೆಗೆ ರಜೆ ಕೊಟ್ಟ ಒಂದು ಆಶ್ಲೇಷ ಮಳೆಯ ದಿನ ಮಕ್ಕಳೆಲ್ಲ ಸೇರಿ ಅದನ್ನು ಕೆಳಗಿಳಿಸಿ, ಚೆನ್ನಾಗಿ ಒರೆಸಿ, ಹದಿಮೂರರ ಮಗ್ಗಿ ಬರೆದೆವು. ಅಜ್ಜ ಬೈಯಲಿಲ್ಲ, ಅವರಿಗೂ ಅದರ ಬೆಲೆ ಗೊತ್ತಿರಲಿಲ್ಲ. ಅದರಲ್ಲಿದ್ದದ್ದು ಯಾವ ತೋಟದ ಲೆಕ್ಕವೋ, ಯಾರ ಸಾಲವೋ, ಇನ್ನು ತಿಳಿಯುವಂತಿಲ್ಲ. ಇಂಥ ಕಾದಂಬರಿಯೊಂದನ್ನು ಆ ವಯಸ್ಸಿನಲ್ಲಿ ಯಾರಾದರೂ ಕೈಗಿತ್ತಿದ್ದರೆ ನಾನು ಆ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ.

ಗುಪ್ತಚರರ ಕಥೆ ಕನ್ನಡಕ್ಕೆ ಕೀಳೂ ಅಲ್ಲ, ಹೊಸತೂ ಅಲ್ಲ. ಹೊಸಗನ್ನಡ ಗದ್ಯದ ಹೊಸ್ತಿಲಲ್ಲಿ ನಿಂತಿರುವ ಕೆಂಪುನಾರಾಯಣನ 'ಮುದ್ರಾಮಂಜೂಷ' (1823) ಚಾಣಕ್ಯನ ಬೇಹುಗಾರರ, ಕೈತಪ್ಪಿದ ಮುದ್ರೆಯುಂಗುರದ ಕಥೆಯಲ್ಲವೆ? ನಾವು ಹಾರಿಸುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರು. ಒಂದು ಪೀಳಿಗೆಗೆ ಕನ್ನಡ ಓದುವ ಚಟ ಹತ್ತಿದ್ದೇ ಅಂಥವರಿಂದ.

ಇನ್ನು ಡಂಗುರದ ಮಾತು. ಬೆಂಗಳೂರಿನಲ್ಲಿ ಬಿಡುಗಡೆಯಾಗದ ಪುಸ್ತಕ ಹುಟ್ಟಿದ ಸುದ್ದಿಯೇ ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ಕಡೆಯ ಪೇಟೆಗಳಲ್ಲಿ ಪುಸ್ತಕದಂಗಡಿ ಎಂದರೆ ಗೈಡು, ನೋಟ್‌ಬುಕ್ಕು ಮಾರುವ ಜಾಗ. ನಾನು ಈ ಕಾದಂಬರಿಯನ್ನು ಕೇಳಿಕೊಂಡು ಹೋದ ಒಂದು ಗ್ರಂಥಾಲಯದಲ್ಲಿ ಐದು ವರ್ಷಗಳಿಂದ ಹೊಸ ಕಾದಂಬರಿಯೇ ಬಂದಿಲ್ಲವೆಂದರು. ಹೊಸನಗರ ತಾಲ್ಲೂಕಿನ ಈ ಲೇಖಕರು ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ಸಾಗರ, ಸೊರಬ, ರಿಪ್ಪನ್‌ಪೇಟೆಗಳಿಗೆ ತಾವೇ ಮುಟ್ಟಿಸುತ್ತಿದ್ದಾರೆ. ಮಲೆನಾಡಿನ ಪತ್ರಿಕೆಯೂ ಸುಮ್ಮನಿದ್ದರೆ ಅವರ ಪರವಾಗಿ ಮಾತಾಡುವವರು ಯಾರು? ಎರಡು ಪುಟ ಸಾಲದಾಯಿತೆಂಬುದೇ ನನ್ನ ಕೊರಗು.

ತಾವು ಇತಿಹಾಸವನ್ನು ಆಳವಾಗಿ ಓದಿಕೊಂಡವರೆಂಬುದು ಪತ್ರದಲ್ಲೇ ಕಾಣುತ್ತದೆ. ಪುಸ್ತಕವನ್ನು ತೆರೆದು ನೋಡಿಲ್ಲವೆಂಬುದೂ ಕಾಣುತ್ತದೆ, ಕ್ಷಮಿಸಿ. ತಮ್ಮ ವಿಳಾಸಕ್ಕೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ. ಓದಿ, ಇತಿಹಾಸಕ್ಕೆ ಅಪಚಾರವಾಗಿರುವ ಜಾಗಗಳನ್ನು ಪುಟಸಂಖ್ಯೆಯೊಂದಿಗೆ ಬರೆದು ಕಳುಹಿಸಿ. ಅದಕ್ಕೂ ಎರಡು ಪುಟ ಎತ್ತಿಡುತ್ತೇನೆ.

— ಸಂಪಾದಕ