ಚರ್ಚ್ ಮಹಿಳಾ ಸಂಘದ ಹಳೆ ಸಾಮಾನು ಮಾರಾಟ: ಒಬ್ಬ ವ್ಯಾಪಾರಿಗೆ ಕೊಡುವುದೋ, ನಾವೇ ಮಾರುವುದೋ?

ಒಬ್ಬರಿಗೇ ಕೊಡಬೇಡಿ. ಹೊಲಿಗೆ ಯಂತ್ರ ಕೊಳ್ಳಲು ಸಂಘದಿಂದ ದುಡ್ಡು ಕೂಡಿಸುತ್ತಿದ್ದೀರಿ, ಮನೆಮನೆಯಿಂದ ಬಂದದ್ದನ್ನೆಲ್ಲ ಒಬ್ಬ ವ್ಯಾಪಾರಿ ಒಂದೇ ಮೊತ್ತಕ್ಕೆ ಕೇಳುತ್ತಿದ್ದಾರೆ, ಯಾವುದರಲ್ಲಿ ಹೆಚ್ಚು ಸಿಗುತ್ತದೆ ಅಂದಿದ್ದೀರಿ. ನೀವು ರಾಯಚೂರು ಜಿಲ್ಲೆಯವರು, ನಾವು ಬಳ್ಳಾರಿಯವರು, ಧರ್ಮಕ್ಷೇತ್ರ (ಒಬ್ಬ ಬಿಷಪ್ ಆಡಳಿತದ ಪ್ರದೇಶ) ಒಂದೇ. ವ್ಯಾಪಾರಿಯ ಮಾತೂ ಒಂದೇ ಇರಬೇಕು. ನಮ್ಮಲ್ಲಿ ಅದು ಬಂದದ್ದು ಭಾನುವಾರ ಬೆಳಿಗ್ಗೆ, ಒಳಗೆ ಇನ್ನೂ ಪೂಜೆ ನಡೆಯುತ್ತಿದ್ದಾಗ, ಸಭಾಭವನದ ಬಾಗಿಲಲ್ಲಿ: "ಅಕ್ಕಾರ, ಪಾತ್ರಿ, ರೇಶ್ಮಿ ಸೀರಿ ಅಷ್ಟೂ ಸೇರ್ಸಿ ಏಳು ಸಾವಿರ ಕೊಡ್ತೀನಿ. ಮಧ್ಯಾನತನ ಯಾಕ ಕುಂದರ್ತೀರಿ?" ಒಪ್ಪಿಕೊಂಡೆವು. ಹತ್ತು ನಿಮಿಷದಲ್ಲಿ ಆಟೋ ತುಂಬಿತು.

ಆ ಹತ್ತು ನಿಮಿಷದಲ್ಲಿ ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ. ಉಳಿದ ತಪ್ಪುಗಳನ್ನೆಲ್ಲ ಆ ದಿನವೇ ತಿದ್ದಿಕೊಳ್ಳಬಹುದಿತ್ತು, ಇದನ್ನು ಆಗಲಿಲ್ಲ.

ಮೊದಲನೆಯದು ತೂಕ. ಹಿತ್ತಾಳೆಯ ಬಿಂದಿಗೆ, ಚೆಂಬು, ಹಂಡೆ, ದೀಪದ ಕಂಬ ಸೇರಿ ಒಂಬತ್ತು ಸಾಮಾನು, ಹತ್ತಿರ ಹತ್ತಿರ 22 ಕಿಲೋ. ಗುಜರಿಯಲ್ಲಿ ಆಗ ಹಿತ್ತಾಳೆಗೆ ಕಿಲೋಗೆ 400 ರೂಪಾಯಿ ಆಸುಪಾಸು. ಅಂದರೆ ಕರಗಿಸುವ ಲೆಕ್ಕದಲ್ಲೇ 8,800. ಸ್ಟೀಲಿನ ಅರವತ್ತು ಪಾತ್ರೆ, ಹದಿನಾಲ್ಕು ರೇಷ್ಮೆ ಸೀರೆ ಅದರ ಮೇಲೆ ಪುಕ್ಕಟೆ ಹೋದವು. ಸಭಾಭವನದಲ್ಲಿ ತೂಕಕ್ಕೆ ಒಂದು ಕೊಕ್ಕೆ ತಕ್ಕಡಿ ಇದ್ದಿದ್ದರೆ ಈ ನಷ್ಟ ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯದು ಇದಕ್ಕಿಂತ ದೊಡ್ಡದು. ಹಳೆ ಬಟ್ಟೆಗಾಗಿ ಯಾರೂ ಮನೆಯಿಂದ ಹೊರಡುವುದಿಲ್ಲ. ಹಳೆ ಬಟ್ಟೆ ತಗೊಂಡು ಸ್ಟೀಲ್ ಡಬ್ಬಿ, ಬೋಗುಣಿ ಕೊಡುವವರು ಓಣಿ ಓಣಿಗೆ ಬರುತ್ತಾರೆ. ಜೀನ್ಸ್ ಅಂತೂ ಬಳ್ಳಾರಿಯಲ್ಲೇ ಹೊಲಿಯುತ್ತಾರೆ, ಹೊಸದೇ ಅಗ್ಗಕ್ಕೆ ಸಿಗುತ್ತದೆ. ಜನ ಬರುವುದು ಪಾತ್ರೆಗೆ, ಮಿಕ್ಸಿಗೆ, ರೇಷ್ಮೆ ಸೀರೆಗೆ. ಬಂದಮೇಲೆ ಮಗುವಿಗೆ ಎರಡು ಫ್ರಾಕು, ಗಂಡನಿಗೆ ಒಂದು ಶರ್ಟು ಎತ್ತಿಕೊಳ್ಳುತ್ತಾರೆ. ಪಾತ್ರೆ ಹೋದಮೇಲೆ ನಮ್ಮಲ್ಲಿ ಉಳಿದದ್ದು ಒಂಬೈನೂರು ಬಟ್ಟೆ. ಪೂಜೆ ಬಿಟ್ಟು ಬಂದವರು ಬಾಗಿಲಲ್ಲೇ ಇಣುಕಿ ನೋಡಿ ಹೋದರು. ಇನ್ನೂರು ಬಟ್ಟೆಯೂ ಹೋಗಲಿಲ್ಲ. ಹದಿನಾರು ಚೀಲ ಉಳಿಯಿತು. ಏಳು ಸಾವಿರ ಬಂತು ಅನ್ನುವುದು ಸರಿಯಾದ ಲೆಕ್ಕವಲ್ಲ, ಬಟ್ಟೆಯಿಂದ ಬರಬೇಕಾದದ್ದನ್ನೂ ಆ ಆಟೋದಲ್ಲೇ ಕಳಿಸಿಕೊಟ್ಟೆವು.

ಮೂರನೆಯದಕ್ಕೆ ಲೆಕ್ಕವಿಲ್ಲ. ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೊರೆಸುವುದು ನಮ್ಮ ಕಡೆಯ ವಾಡಿಕೆ. ದಾನಿಯೊಬ್ಬರು ತಮ್ಮ ಅತ್ತೆಯ ಹೆಸರಿದ್ದ ಬಿಂದಿಗೆಯನ್ನು ಸಂಘಕ್ಕೆ ಕೊಟ್ಟಿದ್ದರು. ಹತ್ತು ದಿನದ ಮೇಲೆ ಅದೇ ಬಿಂದಿಗೆ ಪೇಟೆಯ ಅಂಗಡಿಯೊಂದರಲ್ಲಿ ಮಾರಾಟಕ್ಕೆ ತೂಗುಹಾಕಿದ್ದನ್ನು ಅವರ ಮಗಳು ಕಂಡಳು. ಬೆಲೆ 2,200. ಮರುವರ್ಷ ಕೇಳಲು ಹೋದಾಗ ನಲವತ್ತು ಮನೆ ಹನ್ನೊಂದಕ್ಕೆ ಇಳಿದಿತ್ತು. ಜನ ಕೊಡುವುದು ಸಂಘದ ಮುಖ ನೋಡಿ. ಅದಕ್ಕೇ "ಯಾವುದರಲ್ಲಿ ಹೆಚ್ಚು ಸಿಗುತ್ತದೆ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ವರ್ಷ ಮಾರಿದ ರೀತಿಯಿಂದ ಮುಂದಿನ ವರ್ಷ ಎಷ್ಟು ಮನೆ ಬಾಗಿಲು ತೆರೆಯುತ್ತದೆ ಅಂತ ಕೇಳಿ.

ಹಾಗಾದರೆ ಮಾರುವುದು ಹೇಗೆ ಅನ್ನುವುದನ್ನು ಬರೆಯುತ್ತೇನೆ.

ಮೊದಲು ಉದ್ದೇಶವನ್ನು ಬರೆದು ಹಚ್ಚಿ. "ಚರ್ಚಿನ ನೆರವಿಗೆ" ಅಂತ ಬೇಡ. "ಎರಡು ಹೊಲಿಗೆ ಯಂತ್ರ, ಮೋಟಾರಿನ ಸಮೇತ" ಅಂತ ಇರಲಿ. ಭಕ್ತರು ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೆ ಮಾತ್ರ ಬಳಸಬೇಕು ಅಂತ ಕಥೋಲಿಕ ಧರ್ಮಸಭೆಯ ಕಾನೂನೇ ಹೇಳುತ್ತದೆ (ಕಾನನ್, ಅಂದರೆ ಕಲಮು, 1267). ನಡುವೆ ಯಾರಾದರೂ ಸುಣ್ಣಬಣ್ಣಕ್ಕೆ ಕೇಳಿದರೆ ಆ ಚೀಟಿಯೇ ಉತ್ತರ. ಫಾದರ್ ಒಪ್ಪಿಗೆ ಪಡೆದು, ಹಣಕಾಸು ಸಮಿತಿಗೂ ಒಂದು ಮಾತು ಹೇಳಿಡಿ.

ದಿನ ಗೊತ್ತು ಮಾಡುವಾಗ ಏಪ್ರಿಲ್, ಮೇ ಬಿಟ್ಟುಬಿಡಿ. 40 ಡಿಗ್ರಿ ಬಿಸಿಲಲ್ಲಿ ಹತ್ತು ಗಂಟೆಯ ಮೇಲೆ ಯಾರೂ ನಿಲ್ಲುವುದಿಲ್ಲ. ನವೆಂಬರ್ ಒಳ್ಳೆಯದು: ದೀಪಾವಳಿಗೆ ಅಕ್ಕಪಕ್ಕದ ಮನೆಗಳು ಅಟ್ಟ ಇಳಿಸಿರುತ್ತವೆ, ಕ್ರಿಸ್ಮಸ್‌ಗೆ ನಮ್ಮವರು ಸುಣ್ಣ ಬಳಿಯಲು ಶುರು ಮಾಡಿರುತ್ತಾರೆ, ಎರಡೂ ಕಡೆಯಿಂದ ಸಾಮಾನು ಬರುತ್ತದೆ. ಆ ತಿಂಗಳ ಕೊನೆಯ ಕಡೆ ಬರುವ ಕ್ರಿಸ್ತರಾಜರ ಹಬ್ಬದ ಭಾನುವಾರ ಮಾತ್ರ ಬೇಡ. ಮೆರವಣಿಗೆ ಇದ್ದರೆ ನಿಮ್ಮ ಹೆಣ್ಣುಮಕ್ಕಳೆಲ್ಲ ಅಲ್ಲಿರುತ್ತಾರೆ. ಶನಿವಾರ ಬಟವಾಡೆ ಆಗುವ ಕೆಲಸದವರಿಗೆ ಭಾನುವಾರ ಕೈಯಲ್ಲಿ ದುಡ್ಡಿರುತ್ತದೆ, ಅವರನ್ನು ಬಿಟ್ಟು ಬುಧವಾರ ಇಟ್ಟುಕೊಂಡರೆ ಅರ್ಧ ಗಿರಾಕಿ ಇಲ್ಲ. ಪ್ರಕಟಣೆ ಕನ್ನಡ, ತೆಲುಗು ಎರಡರಲ್ಲೂ ಆಗಲಿ.

ಸಾಮಾನು ತೆಗೆದುಕೊಳ್ಳುವುದು ಎಂಟೇ ದಿನ: ಒಂದು ಭಾನುವಾರದಿಂದ ಮುಂದಿನ ಭಾನುವಾರ. ತಿಂಗಳಿಟ್ಟರೆ ಇಲಿ, ಗೆದ್ದಲು ನಿಮಗಿಂತ ಮೊದಲು ಆರಿಸುತ್ತವೆ. ಚೀಲ ನೆಲಕ್ಕಿಡಬೇಡಿ, ಬೆಂಚಿನ ಮೇಲಿಡಿ, ಗೋಡೆಗೆ ತಾಗದಂತೆ. ಬೇಡದ್ದನ್ನು ಬಾಗಿಲಲ್ಲೇ ಬೇಡ ಅನ್ನುವ ಒಬ್ಬ ಗಟ್ಟಿ ಹೆಂಗಸನ್ನು ಕೂರಿಸಿ. ಒಳ ಉಡುಪು, ದಿಂಬು, ಹಾಸಿಗೆ, ಔಷಧಿ, ಬಿಚ್ಚಿದ ಪೌಡರ್, ಹಳೆ ಹೆಲ್ಮೆಟ್, ಗ್ಯಾಸ್ ಪೈಪು, ಕೆರೆದುಹೋದ ನಾನ್‌ಸ್ಟಿಕ್ ತವೆ ಬೇಡ. ಕುಕ್ಕರ್ ಬಂದರೆ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ನೋಡಿ. ವಾಲ್ವ್ ಕರಗಿದ್ದರೆ ಗುಜರಿ ಲೆಕ್ಕಕ್ಕೆ, ಅಡುಗೆ ಲೆಕ್ಕಕ್ಕಲ್ಲ. ಪ್ರತಿ ಪರ್ಸು, ಪ್ಯಾಂಟಿನ ಜೇಬು, ಡಬ್ಬಿ ಇಬ್ಬರು ಕೂತು ತೆರೆದು ನೋಡಬೇಕು. ಸೀರೆಯ ಮಡಿಕೆಯಲ್ಲಿ ದುಡ್ಡು ಇಡುವ ಅಜ್ಜಿಯಂದಿರು ಇನ್ನೂ ಇದ್ದಾರೆ.

ಜಪಸರ, ಶಿಲುಬೆ, ಸ್ವರೂಪ (ಯೇಸು, ಸಂತರ ಪ್ರತಿಮೆ), ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಹಳೆ ಗರಿ ಕೂಡ ಚೀಲದಲ್ಲಿ ಬರುತ್ತವೆ. ಆಶೀರ್ವದಿಸಿದ ವಸ್ತುವಿಗೆ ಬೆಲೆ ಚೀಟಿ ಹಚ್ಚಬೇಡಿ. ಬೇರೆ ಪೆಟ್ಟಿಗೆಗೆ ಹಾಕಿ ಫಾದರ್ ಕೈಗೆ ಕೊಡಿ. ಗರಿ ವಿಭೂತಿ ಬುಧವಾರ ಹಣೆಗೆ ಹಚ್ಚುವ ಬೂದಿಗೆ ಆಗುತ್ತದೆ, ಮುರಿದ ಸ್ವರೂಪವನ್ನು ಮಣ್ಣಲ್ಲಿ ಹೂಳುತ್ತಾರೆ, ಚೆನ್ನಾಗಿದ್ದದ್ದು ಇಲ್ಲದ ಮನೆಗೆ ಹೋಗುತ್ತದೆ.

ರೇಷ್ಮೆ ಸೀರೆ ಹರಿಯುವುದು ಮಡಿಕೆಯ ಗೆರೆಯಲ್ಲಿ. ಬೆಳಕಿಗೆ ಹಿಡಿದು ಆ ಗೆರೆಯನ್ನು ಎರಡು ಕೈಯಿಂದ ಮೆಲ್ಲಗೆ ಎಳೆಯಿರಿ. ಚರ್ರ್ ಅಂದರೆ ಉಡಲು ಬಾರದು, ಆದರೂ ಅಂಚು, ಸೆರಗು ಇದೆ, ಲಂಗ ಹೊಲಿಯುವವರು ಒಯ್ಯುತ್ತಾರೆ. ಹಾಗೆಂದು ಚೀಟಿಯ ಮೇಲೆ ಬರೆದೇ ಮಾರಿ. ನುಸಿಗುಳಿಗೆ ವಾಸನೆಗೆ ಎರಡು ದಿನ ನೆರಳಲ್ಲಿ ಹರವಿದರೆ ಸಾಕು, ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಮಾರುವಾಗ ಹಗ್ಗದ ಮೇಲೆ ಇಳಿಬಿಡಿ. ಮಡಿಸಿಟ್ಟ ಸೀರೆಯನ್ನು ನೂರು ಕೈ ಬಿಚ್ಚುತ್ತವೆ, ಹತ್ತು ಗಂಟೆಗೆ ಮೇಜಿನ ಮೇಲೆ ರಾಶಿ. ಜೀನ್ಸಿಗೆ ಸೊಂಟದ ಅಳತೆ ಟೇಪು ಹಿಡಿದು ಬರೆಯಿರಿ. ಒಗೆದು ಕುಗ್ಗಿರುತ್ತದೆ, ಒಳಗಿನ ಲೇಬಲ್ 32 ಅಂದರೂ ಟೇಪು 30 ತೋರಿಸಬಹುದು. ಮಕ್ಕಳ ಬಟ್ಟೆಗೆ ವಯಸ್ಸಿನ ಮೇಲೆ ಬುಟ್ಟಿ. ಚಪ್ಪಲಿ, ಶೂ ಜೋಡಿ ಕಟ್ಟಿ. ಕರೆಂಟಿನ ಸಾಮಾನಿಗೆ 5 ಆಂಪಿನದು, 15 ಆಂಪಿನದು ಎರಡೂ ಇರುವ ಬೋರ್ಡು ಇಟ್ಟು, ಗಿರಾಕಿಯ ಎದುರೇ ಮಿಕ್ಸಿಯನ್ನು ಅರ್ಧ ನಿಮಿಷ ತಿರುಗಿಸಿ.

ಬೆಲೆಗೆ ಬಣ್ಣದ ಚೀಟಿ ಐದು: 10, 20, 50, 100, 200. ಒಂದೊಂದಕ್ಕೂ ಬೇರೆ ಬೆಲೆ ಬರೆಯಲು ಕೂತರೆ ಶನಿವಾರ ರಾತ್ರಿಯೂ ಮುಗಿಯುವುದಿಲ್ಲ. ರೇಷ್ಮೆಗೆ ಅಂಟು ಚೀಟಿ ಬೇಡ, ಕಲೆ ಕೂರುತ್ತದೆ, ಅಂಚಿನ ಮೂಲೆಗೆ ಪಿನ್ನು ಹಾಕಿ. "ನಿಮಗೆ ತಿಳಿದಷ್ಟು ಕೊಡಿ" ಎಂಬ ಡಬ್ಬಿ ಇಡಬೇಡಿ. ಬಡವರಿಗೆ ಅದು ಸಂಕೋಚ, ವ್ಯಾಪಾರಿಗೆ ಅನುಕೂಲ. ಹತ್ತು ರೂಪಾಯಿ ಎಣಿಸಿ ಕೊಟ್ಟು ಒಯ್ದ ಅಂಗಿಯನ್ನು ಯಾರೂ ದಾನದ ಅಂಗಿ ಅನ್ನುವುದಿಲ್ಲ. "ಹಳೆ ಬಟ್ಟೆ ಮಾರುವುದೇಕೆ, ಹಂಚಿಬಿಡಿ" ಅನ್ನುವವರಿಗೆ ನನ್ನ ಉತ್ತರ ಅದೇ.

ಹಿತ್ತಾಳೆ, ತಾಮ್ರ ಒಂದೊಂದನ್ನೂ ತೂಗಿ. ಶನಿವಾರ ಸಂಜೆ ಗುಜರಿಯವರಿಗೆ ಫೋನ್ ಮಾಡಿ ಅಂದಿನ ದರ ಕೇಳಿ. ಅದು ತಳದ ಬೆಲೆ, ಮಧ್ಯಾಹ್ನವಾದರೂ ಅದರ ಕೆಳಗೆ ಇಳಿಯಬೇಡಿ. ಹೆಸರು ಕೊರೆದ ಪಾತ್ರೆ ಬಂದರೆ ಕೊಟ್ಟವರಿಗೆ ತೋರಿಸಿ ಒಮ್ಮೆ ಕೇಳಿ. "ಅಯ್ಯೋ, ನೋಡಿರಲಿಲ್ಲ" ಅಂತ ವಾಪಸ್ ಒಯ್ಯುವವರಿದ್ದಾರೆ, ಒಯ್ಯಲಿ.

ಪಾತ್ರೆಯ ಮೇಜು ಬಾಗಿಲಿಗೆ ದೂರದ ಗೋಡೆಗೆ ಇರಲಿ. ಅಲ್ಲಿಗೆ ಹೋಗಲು ಬಟ್ಟೆಯ ಎರಡು ಸಾಲು ದಾಟಬೇಕು. ದಾರಿ ಅಗಲ ನಾಲ್ಕಡಿ, ಇಬ್ಬರು ಎದುರುಬದುರು ಬಂದರೂ ನಿಂತು ನೋಡುವಷ್ಟು. ಹನ್ನೊಂದು ಗಂಟೆಯ ತನಕ ಒಬ್ಬರಿಗೆ ಎರಡೇ ಪಾತ್ರೆ. ವ್ಯಾಪಾರಿಗಳೂ ಬರಲಿ, ಸಾಲಿನಲ್ಲಿ ನಿಂತು, ಅದೇ ಬೆಲೆಗೆ, ಎರಡು. ಸಂಘದವರಿಗೂ ಇದೇ ಕಟ್ಟುಪಾಡು. ಹಿಂದಿನ ಸಂಜೆ ಒಳ್ಳೆಯದನ್ನು ಬದಿಗೆ ಸರಿಸಿಟ್ಟುಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ. ನಾವು ಹೀಗೆ ಇಟ್ಟ ವರ್ಷ ಹನ್ನೊಂದೇ ಮನೆಯ ಸಾಮಾನು ಇದ್ದರೂ ಬಟ್ಟೆಯಲ್ಲಿ ಮುಕ್ಕಾಲು ಪಾಲು ಹೋಯಿತು.

ದುಡ್ಡಿನ ಮೇಜು ಒಂದೇ, ಹೊರಗೆ ಹೋಗುವ ಬಾಗಿಲಲ್ಲಿ. ಬಟ್ಟೆ ಮೇಜಿನವರು ದುಡ್ಡು ಮುಟ್ಟಬಾರದು, ಚೀಟಿ ಬರೆದು ಕಳಿಸಬೇಕು. ಒಬ್ಬರು ದುಡ್ಡು ತೆಗೆದುಕೊಂಡರೆ ಇನ್ನೊಬ್ಬರು ಚೀಟಿಗೆ ಮುದ್ರೆ ಒತ್ತಿ, ಸಾಮಾನು ಎಣಿಸಿ ಕಳಿಸಬೇಕು. ಚಿಲ್ಲರೆ 2,000: ಹತ್ತರ ನೋಟು ನೂರು, ಇಪ್ಪತ್ತರದು ಮೂವತ್ತು, ಐದರ ನಾಣ್ಯ ಎಂಬತ್ತು. ಇದಿಲ್ಲದಿದ್ದರೆ ಮೊದಲ ಐನೂರರ ನೋಟಿಗೇ ಸಾಲು ನಿಲ್ಲುತ್ತದೆ. ಕ್ಯೂಆರ್ ಸಂಘದ ಖಾತೆಯದೇ ಆಗಿರಲಿ. ಯಾರ ಫೋನಿಗೂ ಹಾಕಿಸಬೇಡಿ, ಎಷ್ಟೇ ನಂಬಿಕೆಯವರಾದರೂ. ನಾಲ್ಕು ತಿಂಗಳಾದ ಮೇಲೆ ಆ ಲೆಕ್ಕ ಬಿಡಿಸಲು ಯಾರಿಂದಲೂ ಆಗದು, ಸುಮ್ಮನೆ ಒಬ್ಬ ಒಳ್ಳೆಯ ಹೆಣ್ಣುಮಗಳ ಹೆಸರು ಕೆಡುತ್ತದೆ.

ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಇಡಿ, ಜನ ನಿಲ್ಲುತ್ತಾರೆ. ಆದರೆ ದುಡ್ಡಿನ ಮೇಜು ದಾಟಿದ ಮೇಲೆ. ಎಣ್ಣೆಗೈ ರೇಷ್ಮೆಗೆ ತಾಗಿದರೆ ಇನ್ನೂರರ ಸೀರೆ ಇಪ್ಪತ್ತಕ್ಕೆ ಇಳಿಯುತ್ತದೆ.

ಒಂಬತ್ತಕ್ಕೆ ತೆರೆದು ಒಂದೂವರೆಗೆ ಮುಚ್ಚಿ. ಹನ್ನೆರಡರ ತನಕ ಚೌಕಾಸಿ ಇಲ್ಲ. ಆಮೇಲೆ ಬಟ್ಟೆ ಅರ್ಧ ಬೆಲೆ. ಒಂದು ಗಂಟೆ ಆದಮೇಲೆ ಕೈಚೀಲ ತುಂಬ ಬಟ್ಟೆಗೆ ಐವತ್ತು. ಇದನ್ನು ಬೆಳಿಗ್ಗೆಯೇ ಹೇಳಬೇಡಿ, ಎಲ್ಲರೂ ಒಂದು ಗಂಟೆಗೇ ಬರುತ್ತಾರೆ.

ಉಳಿದದ್ದು ಯಾರಿಗೆ ಅಂತ ಮೊದಲೇ ಮಾತಾಡಿಟ್ಟಿರಬೇಕು. ಮೆತ್ತಗಾದ ಹತ್ತಿ ಸೀರೆ, ಧೋತ್ರ ಕೌದಿ ಹೊಲಿಯುವವರಿಗೆ, ಅವರು ಆರಿಸಿ ಒಯ್ಯುತ್ತಾರೆ. ಹರಿದ ಹತ್ತಿ ಬನಿಯನ್, ಲುಂಗಿ ಗ್ಯಾರೇಜಿನವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ನೈಲಾನ್, ಪಾಲಿಸ್ಟರ್ ಬೆರೆಸಬೇಡಿ, ಅದು ಹತ್ತಿಯ ಹಾಗೆ ಒರೆಸಲು ಬರುವುದಿಲ್ಲ, ಮುಂದಿನ ಸಲ ಅವರು ಕೊಳ್ಳುವುದಿಲ್ಲ. ಪಾಲಿಸ್ಟರ್ ಸೀರೆಗಳನ್ನು, ಹಳೆ ಬಟ್ಟೆಗೆ ಪಾತ್ರೆ ಕೊಡುತ್ತ ಓಣಿಗೆ ಬರುವವರಿಗೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳಿ, ಅದು ಮುಂದಿನ ವರ್ಷದ ಮೇಜಿಗೆ. ಎಲ್ಲ ಸೋಮವಾರ ಸಂಜೆಯೊಳಗೆ ಸಭಾಭವನದಿಂದ ಹೊರಗಿರಬೇಕು.

ಮುಂದಿನ ಭಾನುವಾರ ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಬಂದದ್ದೆಷ್ಟು, ಖರ್ಚೆಷ್ಟು, ಯಂತ್ರಕ್ಕೆ ಇನ್ನೆಷ್ಟು ಬೇಕು ಅಂತ ಮೂರು ಅಂಕಿ ಓದಿಸಿ, ನೋಟಿಸ್ ಬೋರ್ಡಿಗೂ ಹಚ್ಚಿ. ಯಂತ್ರ ಬಂದ ದಿನ, ಪಾತ್ರೆ ಕೊಟ್ಟ ಮನೆಯವರನ್ನು ಕರೆದು ಅವರ ಕೈಯಿಂದಲೇ ಮೊದಲ ಹೊಲಿಗೆ ಹಾಕಿಸಿ.