ಸ್ಪೋರ್ಟ್ಸ್ ಕಾರಿನ ಡಿಕ್ಕಿಯಲ್ಲಿ ಆಂಪ್ ಕೂರಿಸಲು ತಗಡು ಕತ್ತರಿಸಬಹುದಾ?

ನೀವು ಬರೆದಿರುವುದು ಇಷ್ಟು: ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ತಗೊಂಡಿದ್ದೀರಿ. ಇ89 ಮಾಡೆಲ್, ಮಡಚುವ ಗಟ್ಟಿ ಟಾಪ್ ಇರುವುದು. ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟಕ್ಕೆ ಟಾಪ್ ಇಳಿಸಿಕೊಂಡು ಹೋದರೆ ಗಾಳಿ ಸದ್ದಿಗೆ ಹಾಡೇ ಕೇಳಿಸುವುದಿಲ್ಲ. ಅದಕ್ಕೆ ಸ್ಪೀಕರ್‌ಗೆ ಪವರ್ ಹೆಚ್ಚಿಸಿ ಕೊಡುವ ದೊಡ್ಡದೊಂದು ಆಂಪ್ಲಿಫೈಯರ್ (ಆಂಪ್) ತಂದಿದ್ದೀರಿ, ಡಿಕ್ಕಿಯಲ್ಲಿ ಕೂರುತ್ತಿಲ್ಲ. ಸೀಟಿನ ಹಿಂದಿನ ತಗಡನ್ನು ಅಂಗೈಯಗಲ ಕತ್ತರಿಸಿದರೆ ನಡೆಯುತ್ತಾ, ಆಂಪ್ ಹಾಕಿದರೆ ಕಾನೂನಿನ ತೊಂದರೆ ಬರುತ್ತಾ ಅಂತ ಪ್ರಶ್ನೆ.

ಬೇಡ. ಗ್ರೈಂಡರ್ ಕೆಳಗಿಡಿ.

ನಾನು ತುಮಕೂರಿನ ಬಿ.ಎಚ್. ರೋಡ್ ಪಕ್ಕದ ಒಂದು ಗಲ್ಲಿಯಲ್ಲಿ ಕಾರ್ ವೈರಿಂಗ್, ಸ್ಟೀರಿಯೊ ಕೆಲಸ ಮಾಡುತ್ತೇನೆ. ನೀವು ಕೇಳಿದ ಕೆಲಸವನ್ನು ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಆಗ ಹೊಸದಾಗಿ ಅಂಗಡಿ ಹಾಕಿದ್ದೆ. ಎರಡು ಬಾಗಿಲಿನ ಹಳೇ ಕಾರೊಂದು ಬಂತು. ಸೀಟಿನ ಹಿಂದೆ ಅಡ್ಡ ಪಟ್ಟಿಯೊಂದಿತ್ತು, ಎರಡು ಇಂಚು ಅಗಲ. ಇದೇನು ಮಹಾ ಅಂತ ಕತ್ತರಿಸಿಬಿಟ್ಟೆ. ಆಂಪ್ ಚೆನ್ನಾಗಿ ಕೂತಿತು. ಮೂರು ತಿಂಗಳಿಗೆ ಗಾಡಿ ವಾಪಸ್. ಹಂಪ್ ಹತ್ತಿದಾಗೆಲ್ಲ ಹಿಂದಿನಿಂದ ಕಟಕಟ ಸದ್ದು, ಕತ್ತರಿಸಿದ ಅಂಚಿನಲ್ಲಿ ತುಕ್ಕು, ಪಕ್ಕದ ಬೆಸುಗೆಯ ಹತ್ತಿರ ಪೇಂಟ್ ಬಿರುಕು. ಕೊನೆಗೆ ನನ್ನ ದುಡ್ಡಿನಲ್ಲೇ ವೆಲ್ಡಿಂಗ್ ಮಾಡಿಸಿಕೊಟ್ಟೆ.

ಈಗಿನ ಹೆಚ್ಚಿನ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ, ಬಾಡಿಯೇ ಚಾಸಿ. ಅದರಲ್ಲೂ ಟಾಪ್ ತೆಗೆಯುವ ಕಾರಿನಲ್ಲಿ ಮೇಲೆ ಹಿಡಿದುಕೊಳ್ಳಲು ಛಾವಣಿಯೇ ಇಲ್ಲ. ಕಾರು ತಿರುಚದ ಹಾಗೆ ತಡೆಯುವ ಕೆಲಸವೆಲ್ಲ ನೆಲ, ಬಾಗಿಲಿನ ಕೆಳಗಿನ ಪಟ್ಟಿ (ಸಿಲ್ಲು), ಸೀಟಿನ ಹಿಂದಿನ ಗೋಡೆ ಇವುಗಳ ಮೇಲೆ. ನೀವು ಕತ್ತರಿಸಬೇಕು ಅಂತಿರುವುದು ಆ ಗೋಡೆಯನ್ನೇ.

ಹಾಗಾದರೆ ಜಾಗ ಎಲ್ಲಿಂದ ತರುವುದು? ಮೊದಲು ಜಾಗ ಎಷ್ಟಿದೆ ಅಂತ ಸರಿಯಾಗಿ ಅಳೆಯಬೇಕು. ಇ89ರ ಡಿಕ್ಕಿ ಟಾಪ್ ಮುಚ್ಚಿದಾಗ 310 ಲೀಟರ್. ಟಾಪ್ ಇಳಿಸಿದರೆ ಬರೀ 180 ಲೀಟರ್. ಉಳಿದ 130 ಲೀಟರ್ ಜಾಗದಲ್ಲಿ ಟಾಪ್ ಬಂದು ಮಡಚಿಕೊಂಡು ಕೂರುತ್ತದೆ. ನಿಮ್ಮದು ಅಂತ ಇರುವುದು ಈ 180 ಮಾತ್ರ. ಒಳಗೆ ಅಡ್ಡಲಾಗಿ ಎಳೆಯುವ ತೆರೆ ಇದೆಯಲ್ಲ, ಅದನ್ನು ಜಾಗಕ್ಕೆ ಎಳೆಯದಿದ್ದರೆ ಟಾಪ್ ಅಲುಗಾಡುವುದೇ ಇಲ್ಲ. ಆ ತೆರೆಯ ಕೆಳಗೆ ಏನು ಹಿಡಿಯುತ್ತದೋ ಅಷ್ಟೇ ನಿಮ್ಮ ಲೆಕ್ಕ.

ಇಲ್ಲೂ ಒಂದು ಸಲ ಎಡವಿದ್ದೇನೆ. ಆಂಪ್ ಡಬ್ಬದ ಮೇಲೆ ಬರೆದ ಉದ್ದ ಅಗಲ ನೋಡಿ ಅದನ್ನು ಕೂರಿಸುವ ಹಲಗೆ ಕೊಯ್ದೆ. ಆ ಅಳತೆಯಲ್ಲಿ ಪ್ಲಗ್ಗುಗಳು ಸೇರಿರುವುದಿಲ್ಲ! ಹಾಡಿನ ಸಿಗ್ನಲ್ ತರುವ ಆರ್‌ಸಿಎ ಪಿನ್ನು ಒಂದು ಕಡೆ, ದಪ್ಪ ಪವರ್ ವೈರು ಇನ್ನೊಂದು ಕಡೆ. ವೈರು ಬಾಗಲು ಜಾಗ ಬೇಕು, ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಜಾಸ್ತಿಯೇ. ಟಾಪ್ ಇಳಿಯುತ್ತಿತ್ತು, ಪಕ್ಕದ ತೋಳು ಬಂದು ಪಿನ್ನಿನ ಮೇಲೆ ಕೂತು ಟಕ್ ಅಂದಿತು. ಬಟನ್ ಒತ್ತಿ ಹಿಡಿದಿದ್ದರೆ ಮಾತ್ರ ಟಾಪ್ ಓಡುತ್ತದೆ, ಬೆರಳು ತೆಗೆದೆ, ನಿಂತಿತು. ಇನ್ನೊಂದು ಸೆಕೆಂಡ್ ಹಿಡಿದಿದ್ದರೆ ಆಂಪ್ ಅಲ್ಲ, ಟಾಪ್‌ನ ಮೆಕ್ಯಾನಿಸಂಗೇ ಪೆಟ್ಟು. ಅದರ ಬಿಲ್ಲು ಕಟ್ಟುವಷ್ಟು ನನ್ನ ಅಂಗಡಿ ದುಡಿಯುವುದಿಲ್ಲ.

ಆಮೇಲಿಂದ ನನ್ನ ಕ್ರಮ ಇದು. ಆಂಪ್ ಅಳತೆಗೆ, ಪ್ಲಗ್ಗು ವೈರಿನ ಜಾಗವೂ ಸೇರಿಸಿ, ತರ್ಮಾಕೋಲ್‌ನಲ್ಲಿ ಒಂದು ಸುಳ್ಳು ಆಂಪ್ ಮಾಡುತ್ತೇನೆ. ಅದನ್ನು ಡಿಕ್ಕಿಯಲ್ಲಿ ಟೇಪ್ ಹಾಕಿ ಕೂರಿಸಿ, ನಾಲ್ಕು ಮೂಲೆಯಲ್ಲೂ ಚಪಾತಿ ಹಿಟ್ಟಿನ ಉಂಡೆ ಇಡುತ್ತೇನೆ. ಪ್ರತಿ ಉಂಡೆಗೂ ಪ್ಲಾಸ್ಟಿಕ್ ಸುತ್ತಿರಬೇಕು. ಮಿಕ್ಕ ಮುದ್ದೆಯಲ್ಲೂ ನೋಡಿದ್ದೇನೆ, ಅಂಟಿಕೊಂಡು ರಾದ್ಧಾಂತ, ಚಪಾತಿ ಹಿಟ್ಟೇ ಸರಿ. ಆಮೇಲೆ ತೆರೆ ಎಳೆದು, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು, ಟಾಪ್ ನಿಧಾನ ಇಳಿಸಿ ಮತ್ತೆ ಎತ್ತುವುದು. ಉಂಡೆ ಇಟ್ಟ ಹಾಗೇ ಇದ್ದರೆ ಜಾಗ ಇದೆ. ಚಪ್ಪಟೆಯಾಗಿದ್ದರೆ ಉಳಿದ ದಪ್ಪವನ್ನು ಸ್ಕೇಲಿನಲ್ಲಿ ಅಳೆಯಿರಿ. ಎರಡು ಸೆಂಟಿಮೀಟರ್ ಕೂಡ ಉಳಿದಿಲ್ಲ ಅಂದರೆ ಆ ಮೂಲೆಯ ಆಸೆ ಬಿಟ್ಟುಬಿಡಿ. ಮನೆಯವರು ಹಿಟ್ಟು ಎಲ್ಲಿ ಅಂತ ಕೇಳಿದರೆ ಅದು ನಿಮ್ಮ ಪಾಡು.

ಈಗ ಸ್ವಲ್ಪ ಕಹಿ ಮಾತು. ತಪ್ಪು ಡಿಕ್ಕಿಯದ್ದಲ್ಲ, ನೀವು ತಂದಿರುವ ಆಂಪ್‌ನದ್ದು. ಅದು ಸಬ್ ವೂಫರ್‌ಗೆ, ಅಂದರೆ ಗುಡುಗುವ ಬೇಸ್ ಸ್ಪೀಕರ್‌ಗೆ ಅಂತ ಮಾಡಿದ ಒಂದೇ ಚಾನೆಲ್‌ನ ಮೋನೋ ಆಂಪ್ ಅಲ್ವಾ? ಟಾಪ್ ತೆಗೆದಾಗ ಗಾಳಿ ಸದ್ದಿನಲ್ಲಿ ಹಾಡುವವರ ದನಿಯೂ ಮುಳುಗುತ್ತದೆ. ಡಿಕ್ಕಿಯಲ್ಲಿ ಎಷ್ಟು ಗುಡುಗಿಸಿದರೂ ಆ ದನಿ ವಾಪಸ್ ಬರುವುದಿಲ್ಲ. ಬಾಗಿಲಿನ ಸ್ಪೀಕರ್‌ಗೆ ಒಳ್ಳೆ ಪವರ್ ಕೊಡಬೇಕು. ನಾಲ್ಕು ಚಾನೆಲ್‌ನ, ಚಾನೆಲ್‌ಗೆ 75 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡುವ ಪವರ್) ಇರುವ, ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಆಂಪ್ ಸಾಕು. ಇವು ಚಿಕ್ಕವು, ದಪ್ಪ ಪುಸ್ತಕವೊಂದು ಮಲಗಿಸಿಟ್ಟ ಹಾಗೆ.

ಬಿಸಿಯ ಲೆಕ್ಕವನ್ನೂ ನೋಡಿ. ಪೂರ್ತಿ ವಾಲ್ಯೂಮಿನಲ್ಲಿ 300 ವ್ಯಾಟ್ ಹೊರಗೆ ಕೊಡುವ ಕ್ಲಾಸ್ ಡಿ ಆಂಪ್ ಒಳಗೆ ಎಳೆಯುವುದು ಸುಮಾರು 375 ವ್ಯಾಟ್. 75 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅಷ್ಟೇ ಸದ್ದಿಗೆ ಹಳೇ ಕ್ಲಾಸ್ ಎಬಿ ಆಂಪ್ 500 ವ್ಯಾಟ್ ಎಳೆದು 200 ವ್ಯಾಟ್ ಬಿಸಿ ಕಕ್ಕುತ್ತದೆ. ಹಾಡು ಸದಾ ಪೂರ್ತಿ ಪವರ್‌ನಲ್ಲಿ ಓಡುವುದಿಲ್ಲ, ನಿಜ. ಆದರೂ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರು, ಮುಚ್ಚಿದ ಡಿಕ್ಕಿ, ಮೇಲೆ ಕಾದ ಟಾಪ್ ಬಂದು ಕೂತಿದೆ. ಆಂಪ್ ತಾನೇ ಆಫ್ ಆಗುತ್ತದೆ, ನೀವು ಕೆಟ್ಟಿತು ಅಂತ ನನ್ನಂಥವನ ಹತ್ತಿರ ಓಡಿಬರುತ್ತೀರಿ. ಮೇಲೆ ಐದು ಸೆಂಟಿಮೀಟರ್ ಗಾಳಿ ಆಡಲು ಬಿಡಿ. ತಲೆಕೆಳಗೆ ಮಾತ್ರ ಹಾಕಬೇಡಿ, ಬಿಸಿ ಮೇಲೆ ಹೋಗಲು ದಾರಿಯೇ ಇರುವುದಿಲ್ಲ.

ಕೂರಿಸಲು 12 ಮಿಲಿಮೀಟರ್ ವಾಟರ್‌ಪ್ರೂಫ್ ಪ್ಲೈವುಡ್ ತಗೊಳ್ಳಿ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ತೇವ ತಾಗಿದರೆ ನೀರಿಗೆ ಬಿದ್ದ ರಸ್ಕಿನ ಹಾಗೆ ಉಬ್ಬುತ್ತದೆ. ಟಾಪ್ ತೆಗೆಯುವ ಕಾರುಗಳಲ್ಲಿ ನೀರು ಹೋಗುವ ಕಿಂಡಿಗೆ ಎಲೆ ಕಸ ಕಟ್ಟಿಕೊಂಡು ಒಳಗೆ ನೀರು ನಿಲ್ಲುವುದು ಇದ್ದದ್ದೇ. ಹಾಗಾಗಿ ಹಲಗೆ ನೆಲದಿಂದ ಎರಡು ಸೆಂಟಿಮೀಟರ್ ಮೇಲಿರಲಿ. ಸಾಮಾನು ಕಟ್ಟುವ ಬಳೆಗಳಿಗೆ ಕಂಪನಿಯವರೇ ಕೊಟ್ಟ ಬೋಲ್ಟ್ ತೂತುಗಳಲ್ಲೇ ಕ್ಲಾಂಪ್ ಹಾಕಿ ಹಲಗೆ ಬಿಗಿಯಿರಿ. ಹೊಸ ತೂತು ಬೇಡ. ನೆಲದ ಆ ಕಡೆ ವೈರ್ ಕಟ್ಟೋ, ಪೈಪೋ ಏನಿದೆ ಅಂತ ಡ್ರಿಲ್‌ಗೆ ಗೊತ್ತಾಗುವುದಿಲ್ಲ. ನಾಳೆ ಕಾರು ಮಾರುವಾಗ ನಾಲ್ಕು ಬೋಲ್ಟ್ ಬಿಚ್ಚಿದರೆ ಡಿಕ್ಕಿ ಮೊದಲಿನ ಹಾಗೆ. ಬ್ಯಾಟರಿ, ಟೈರಿಗೆ ಗಾಳಿ ಹಾಕುವ ಕಿಟ್ ಇದ್ದರೆ ಅದೂ ಹಲಗೆಯಡಿ ಸಿಕ್ಕಿಹಾಕಿಕೊಳ್ಳದ ಹಾಗೂ ನೋಡಿಕೊಳ್ಳಿ. ಈ ಕಾರಿಗೆ ಸ್ಟೆಪ್ನಿ ಇಲ್ಲ.

ಬ್ಯಾಟರಿ ಡಿಕ್ಕಿಯಲ್ಲೇ ಇರುವುದು ನಿಮ್ಮ ಪುಣ್ಯ. ಬಾನೆಟ್‌ನಿಂದ ಹಿಂದಕ್ಕೆ ವೈರ್ ಎಳೆಯುವ ಗೋಳಿಲ್ಲ. 375 ವ್ಯಾಟ್ ಅಂದರೆ 13.8 ವೋಲ್ಟ್‌ಗೆ ಸುಮಾರು 27 ಆಂಪಿಯರ್. ಒಂದು ಮೀಟರ್ ದೂರಕ್ಕೆ 8 ಗೇಜ್ ಶುದ್ಧ ತಾಮ್ರದ ವೈರ್, 40 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಅರ್ಧ ಮೀಟರ್ ಒಳಗೆ. ಅದಿರುವುದು ಆಂಪ್ ಕಾಯಲು ಅಲ್ಲ, ವೈರಿಗೆ ಬೆಂಕಿ ಹತ್ತದಿರಲಿ ಅಂತ. ಕಡಿಮೆ ಬೆಲೆಗೆ ಸಿಗುವ ದಪ್ಪ ವೈರಿನ ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅಂಗಡಿಯವರಿಗೇ ವಾಪಸ್ ಕೊಡಿ.

ಅರ್ಥಿಂಗ್ ವಿಷಯ ಮಾತ್ರ ಮರೆಯಬೇಡಿ. ಬ್ಯಾಟರಿಯ ನೆಗೆಟಿವ್ ಮೇಲೆ ಒಂದು ಸೆನ್ಸರ್ ಕೂತಿರುತ್ತದೆ, ಎಷ್ಟು ಕರೆಂಟ್ ಹೋಯಿತು ಅಂತ ಕಾರಿಗೆ ಲೆಕ್ಕ ಒಪ್ಪಿಸುವುದು ಅದೇ. ಆಂಪ್‌ನ ನೆಗೆಟಿವ್ ನೇರ ಬ್ಯಾಟರಿ ಪೋಸ್ಟಿಗೆ ಕೊಟ್ಟರೆ ಆ ಲೆಕ್ಕ ತಪ್ಪುತ್ತದೆ. ಬಾಡಿಯಲ್ಲಿ ಕಂಪನಿಯವರೇ ಮಾಡಿರುವ ಅರ್ಥ್ ಬೋಲ್ಟಿಗೆ ಕೊಡಿ. ಪೇಂಟ್ ಇದ್ದರೆ ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ತುಕ್ಕು ಹಿಡಿಯದ ಹಾಗೆ ಮೇಲಿಂದ ಗ್ರೀಸ್ ಸವರಿ. ಇಲ್ಲಿ ಸಡಿಲವಾದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್‌ನಲ್ಲಿ ಸೊಳ್ಳೆ ಹಾಡುತ್ತದೆ.

ಕಾನೂನಿನ ಬಗ್ಗೆ ಕೇಳಿದ್ದಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂಥ ಮಾರ್ಪಾಡನ್ನು. ಹಲಗೆಯ ಮೇಲೆ ಕೂತ ಆಂಪ್‌ನಿಂದ ಆ ವಿವರವೇನೂ ಬದಲಾಗುವುದಿಲ್ಲ. ಇನ್ಶೂರೆನ್ಸ್‌ನವರಿಗೆ ಮಾತ್ರ ಎಕ್ಸ್‌ಟ್ರಾ ಎಲೆಕ್ಟ್ರಿಕಲ್ ಸಾಮಾನು ಅಂತ ಬರೆಸಿಬಿಡಿ, ಕ್ಲೇಮ್ ಹೊತ್ತಿನಲ್ಲಿ ಜಗಳ ಇರುವುದಿಲ್ಲ.

ತಂದ ಆಂಪ್ ಸೀಲ್ ಒಡೆಯದೆ ಇದ್ದರೆ ಈ ವಾರವೇ ವಾಪಸ್ ಮಾಡಿ. ಮೊದಲು ಟಾಪ್ ಇಳಿಸಿ, ತೆರೆಯ ಕೆಳಗೆ ಎತ್ತರ, ಅಗಲ, ಆಳ ಎಷ್ಟು ಸಿಗುತ್ತದೆ ಅಂತ ಅಳೆದು ಇಲ್ಲೇ ಹಾಕಿ. ಯಾವ ಆಂಪ್ ಅಂತ ಆಮೇಲೆ ಮಾತಾಡೋಣ.